ಈ ಸಲ ನೀವೂ ಮೇಲೆ ಹತ್ತಿ

ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ವಿಜಯಪುರದ ಗೋಳಗುಮ್ಮಟಕ್ಕೆ ಹೋಗುವವರು ನಮ್ಮಲ್ಲಿ ಬಹಳ. ತಂದೆ, ಮಕ್ಕಳು ಮೆಟ್ಟಿಲು ಹತ್ತುತ್ತಾರೆ. ತಾಯಿ ಕೆಳಗೆ ಚೀಲ, ಬುತ್ತಿಡಬ್ಬಿ ಕಾಯುತ್ತಾ ಕುಳಿತಿರುತ್ತಾಳೆ. ಮೊದಲ ಸಲ ನಾನೂ ಹಾಗೆಯೇ ಕುಳಿತಿದ್ದೆ. ಸಹೋದರಿಯರೇ, ಈ ಸಲ ನೀವೂ ಹತ್ತಿ.

ಇದು ಸುಲ್ತಾನ್ ಮುಹಮ್ಮದ್ ಆದಿಲ್ ಶಾಹರ ಸಮಾಧಿಯೆಂದು ಮಕ್ಕಳಿಗೆ ಮೊದಲೇ ತಿಳಿಸಿ, ಸಲಾಮ್ ಹೇಳಿಸಿ. ನಿಜವಾದ ಗೋರಿಗಳಿರುವುದು ನೆಲಮಾಳಿಗೆಯಲ್ಲಿ. ನಮಗೆ ಕಾಣುವುದು ಗುರುತು ಮಾತ್ರ. ದಕ್ಷಿಣದ ಬಾಗಿಲಿನ ಫಾರ್ಸಿ ಬರಹದಲ್ಲಿ ‘ಮುಹಮ್ಮದರ ಅಂತ್ಯ ಪ್ರಶಂಸನೀಯವಾಯಿತು’ ಎಂಬರ್ಥದ ಮಾತಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಅಬ್ಜದ್ ಲೆಕ್ಕದಲ್ಲಿ ಅದನ್ನು ಕೂಡಿದರೆ 1067 ಬರುತ್ತದೆ. ಅದೇ ಅವರು ತೀರಿಕೊಂಡ ಹಿಜರಿ ವರ್ಷ, ಅಂದರೆ ಕ್ರಿ.ಶ. 1656. ನನ್ನ ಮಗ ನಂಬದೆ ಎರಡು ಸಲ ಕೂಡಿದ!

ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟು. ಬುರ್ಖಾದ ಅಂಚು ಎತ್ತಿ ಹಿಡಿಯಿರಿ, ನಡುನಡುವೆ ನಿಂತು ದಣಿವಾರಿಸಿಕೊಳ್ಳಿ. ಮೇಲೆ ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಜನ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಕೆಳಗೆ ಗೋರಿಗಳಿವೆಯೆಂಬ ನೆನಪೇ ಇರುವುದಿಲ್ಲ. ಅಸಲಿಗೆ ಅಲ್ಲಿ ಕೂಗಬೇಕಾಗಿಯೇ ಇಲ್ಲ. ಗೋಡೆಯ ಹತ್ತಿರ ಪಿಸುಗುಟ್ಟಿದರೆ ಮಾತು ದುಂಡು ಗೋಡೆಯ ಗುಂಟ ಸಾಗಿ, ಸುಮಾರು 38 ಮೀಟರ್ ಆಚೆ ಎದುರಿಗೆ ನಿಂತವರ ಕಿವಿ ಮುಟ್ಟುತ್ತದೆ.

ಎರಡನೇ ಸಲ ಹೋದಾಗ ಕಿರಿಯ ಮಗಳು ಅಣ್ಣನ ಕೈಹಿಡಿದು ಎದುರು ಬದಿಗೆ ಹೋದಳು. ನಾನು ಗೋಡೆಗೆ ಕಿವಿಗೊಟ್ಟೆ.

“ಅಮ್ಮೀ, ಕೆಳಗೆ ಚೀಲ ಯಾರು ನೋಡ್ಕೊಳ್ತಿದ್ದಾರೆ?”

“ನಿನ್ನ ಅಬ್ಬಾ” ಎಂದು ನಾನೂ ಪಿಸುಗುಟ್ಟಿದೆ.