ಕಾಶಿಗೆಂದು ಹೊರಟು ಕಠ್ಮಂಡುವಿಗೆ

1972ರ ಮೇ ತಿಂಗಳು. ಬಿ.ಕಾಂ. ಕೊನೆಯ ಪರೀಕ್ಷೆ ಮುಗಿಸಿದ ನಾವು ಮೂವರು ಗೆಳೆಯರು ಕಾಶಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಕಠ್ಮಂಡುವಿಗೆ ಹೋದೆವು. ಪೂರ್ತಿ ಸುಳ್ಳೇನೂ ಅಲ್ಲ. ಕಾಶಿಯಲ್ಲಿ ಒಂದೂವರೆ ದಿನ ಇದ್ದೆವು. ಗಂಗೆಯಲ್ಲಿ ಮುಳುಗು ಹಾಕಿ, ಅಜ್ಜಿಗೆಂದು ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಂಬಿಗೆ ಕೊಂಡು, ಮರುದಿನ ರಾತ್ರಿ ರಕ್ಸೌಲಿನ ದಾರಿ ಹಿಡಿದೆವು.

ಇದಕ್ಕೆಲ್ಲ ಕಾರಣ ದೇವಾನಂದ್. ಕಠ್ಮಂಡುವಿನಲ್ಲೇ ತೆಗೆದ ‘ಹರೇ ರಾಮ ಹರೇ ಕೃಷ್ಣ’ ಸಿನಿಮಾವನ್ನು ನಾವು ಎರಡು ಸಲ ನೋಡಿದ್ದೆವು. ಪಾಸ್‌ಪೋರ್ಟೂ ಇಲ್ಲದೆ, ವೀಸಾವೂ ಇಲ್ಲದೆ ಭಾರತೀಯರು ಹೋಗಬಹುದಾದ ಫಾರಿನ್ ಅದೊಂದೇ ಎಂದು ‘ಮೇಸ್ತ್ರಿ’ ಕಂಡುಹಿಡಿದಿದ್ದ. ಮೇಸ್ತ್ರಿ ಎಂಬುದು ಅವನ ಅಡ್ಡಹೆಸರು. ಯಾವ ಕೆಲಸಕ್ಕೂ ಮುಂದೆ ನಿಂತು ಅಪ್ಪಣೆ ಕೊಡುವವನು. ಇನ್ನೊಬ್ಬ ‘ಉದ್ದನವ’, ಅದಕ್ಕೆ ವಿವರಣೆ ಬೇಡ. ಮೂವರ ದುಡ್ಡೂ ಇರುತ್ತಿದ್ದದ್ದು ನನ್ನ ಚೀಲದಲ್ಲಿ. ನಾನು ಖಜಾಂಚಿ.

ಖಜಾಂಚಿ ಮಾಡಿದ ಮೊದಲ ತಪ್ಪನ್ನೂ ಹೇಳಿಬಿಡುತ್ತೇನೆ. ವಿಶ್ವನಾಥನ ಹುಂಡಿಗೆ ಹಾಕೆಂದು ಅಜ್ಜಿ ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿ ಕೊಟ್ಟಿದ್ದಳು. ನಾನು ಒಂದು ರೂಪಾಯಿ ಹಾಕಿ ಹತ್ತನ್ನು ನೇಪಾಳದ ಬಸ್ ಖರ್ಚಿಗೆ ಸೇರಿಸಿಕೊಂಡೆ. ಬಿ.ಕಾಂ. ಓದಿದ್ದರಿಂದ ಅದನ್ನು ಕಳ್ಳತನ ಅನ್ನಲಿಲ್ಲ, ಹೊಂದಾಣಿಕೆ ಅಂದುಕೊಂಡೆ.

ರಕ್ಸೌಲಿನಿಂದ ಬೀರಗಂಜಿಗೆ ಸೈಕಲ್ ರಿಕ್ಷಾ. ಗಡಿ ದಾಟಿದೊಡನೆ ಕೈಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟೆವು. (ಆಗ ವ್ಯತ್ಯಾಸ ಹತ್ತು ನಿಮಿಷ, 1986ರಿಂದ ಹದಿನೈದಾಗಿದೆ.) ಅಲ್ಲಿನ ಕ್ಯಾಲೆಂಡರು ವಿಕ್ರಮ ಸಂವತ್ಸರದ್ದು. ಗೋಡೆಯ ಮೇಲೆ 2029 ಎಂದಿತ್ತು. ಹತ್ತೇ ನಿಮಿಷದಲ್ಲಿ ಐವತ್ತೇಳು ವರ್ಷ ದೊಡ್ಡವರಾದೆವಲ್ಲ ಎಂದು ಉದ್ದನವ ನಕ್ಕ.

ಬೀರಗಂಜಿನಿಂದ ಕಠ್ಮಂಡುವಿಗೆ ಬಸ್ಸಿನಲ್ಲಿ ಇಡೀ ದಿನದ ದಾರಿ. ತ್ರಿಭುವನ್ ರಾಜಪಥ ಎಂಬ ಆ ರಸ್ತೆಯನ್ನು ಭಾರತದ ನೆರವಿನಿಂದ ಕಟ್ಟಿದ್ದರು. 1956ರಲ್ಲಿ ಅದು ಆಗುವ ತನಕ ಕಣಿವೆಗೆ ವಾಹನ ಹೋಗುವ ದಾರಿಯೇ ಇರಲಿಲ್ಲ. ಆದರೂ ಕಠ್ಮಂಡುವಿನ ಶ್ರೀಮಂತರ ಬಳಿ ಮೋಟಾರು ಕಾರುಗಳಿದ್ದವು! ಹೇಗೆ ಅಂತೀರಾ? ಹಮಾಲರು ಬಿದಿರಿನ ಅಡ್ಡೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಬೆಟ್ಟ ದಾಟಿಸುತ್ತಿದ್ದರು. ನಮ್ಮೂರಿನಲ್ಲಿ ದೇವರ ಪಲ್ಲಕ್ಕಿ ಹೊರುವುದನ್ನು ಮಾತ್ರ ಕಂಡವನು ನಾನು. ಬಸ್ಸು ಸುಮಾರು 8,000 ಅಡಿ ಎತ್ತರದ ಘಟ್ಟ ಹತ್ತುವಾಗ ಆಗುಂಬೆಯ ತಿರುವುಗಳೇ ಸಾಲಾಗಿ ಬಂದ ಹಾಗಿತ್ತು. ಮೇಸ್ತ್ರಿ ಮೂರು ಸಲ ವಾಂತಿ ಮಾಡಿಕೊಂಡ. ಅಪ್ಪಣೆಗಳು ನಿಂತವು.

ಊರು ಮಾತ್ರ ಸಿನಿಮಾಕ್ಕಿಂತ ಚೆನ್ನಾಗಿತ್ತು. ಹಿಪ್ಪಿಗಳು ತುಂಬಿದ್ದ ಫ್ರೀಕ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಬಾಗಿಲು ಎಷ್ಟು ಗಿಡ್ಡವೆಂದರೆ ಉದ್ದನವನ ಹಣೆಯಲ್ಲಿ ಎರಡೇ ದಿನಕ್ಕೆ ಮೂರು ಬುಗುಟು. ಬೆಳಗ್ಗೆ ಪುರಿ ತರಕಾರಿ ಕಟ್ಟಿಸಿಕೊಂಡು ಕಾಷ್ಠಮಂಡಪದ ಜಗಲಿಯಲ್ಲಿ ಕುಳಿತು ತಿನ್ನುತ್ತಿದ್ದೆವು. ಒಂದೇ ಮರದಿಂದ ಕಟ್ಟಿದ್ದೆಂದು ಜನ ಹೇಳುವ ಆ ಮಂಟಪದಿಂದಲೇ ಊರಿಗೆ ಆ ಹೆಸರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅದು ಪೂರ್ತಿ ಕುಸಿಯಿತು. ಟೀವಿಯಲ್ಲಿ ನೋಡಿದ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಈಗ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದಾರೆ.

ಮೂರನೆಯ ದಿನ, ಶುಕ್ರವಾರ, ಭಕ್ತಪುರ. ಅಲ್ಲಿ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಮಾಡಿನ ನ್ಯಾತಪೋಲ ಗುಡಿ ಇದೆ. ಮೆಟ್ಟಿಲಿನ ಎರಡೂ ಬದಿಗೆ ಕೆಳಗಿನಿಂದ ಪೈಲ್ವಾನರು, ಆನೆಗಳು, ಸಿಂಹಗಳು, ರೆಕ್ಕೆಯ ಮೃಗಗಳು, ದೇವಿಯರು. ಪೈಲ್ವಾನನಿಗೆ ಹತ್ತು ಜನರ ಬಲ, ಆನೆಗೆ ಅವನ ಹತ್ತು ಪಟ್ಟು, ಹೀಗೆ ಏರುತ್ತಾ ಹೋಗುತ್ತದೆ ಲೆಕ್ಕ. ಮೇಲಿನ ದೇವಿಗೆ ಒಂದು ಲಕ್ಷ ಜನರ ಬಲ ಎಂದು ನಾನು ಅಲ್ಲೇ ಗುಣಿಸಿ ಹೇಳಿದೆ. ಆ ಇಳಿಜಾರು ಮಾಡುಗಳನ್ನು ನೋಡಿದರೆ ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನೆನಪಾಗುತ್ತದೆ. ಎಲ್ಲಿಯ ಕಡಲ ಕರೆ, ಎಲ್ಲಿಯ ಹಿಮಾಲಯ!

ಭಕ್ತಪುರದಲ್ಲಿ ಮೇಸ್ತ್ರಿ ಬೀದಿಯ ಕಲ್ಲಿನ ನಳದ ನೀರು ಕುಡಿದ. ರಾತ್ರಿ ಬೇಧಿ, ಜ್ವರ. ಬೆಳಗಾಗುವಾಗ ಬಡಬಡಿಸತೊಡಗಿದ. ಅವನ ಅಮ್ಮನಿಗೆ ಅವನೊಬ್ಬನೇ ಮಗ. ಅವನು ಇರುವ ದೇಶ ಯಾವುದೆಂದು ಕೂಡ ಆಕೆಗೆ ಗೊತ್ತಿಲ್ಲ. ಅದು ನೆನಪಾದಾಗ ನನ್ನ ಕೈಕಾಲು ತಣ್ಣಗಾದವು.

ಡಾಕ್ಟರರಿಗೆ ಕೊಡಲು ನೇಪಾಳಿ ದುಡ್ಡು ಬೇಕಿತ್ತು. ನಮ್ಮ ನೂರು ರೂಪಾಯಿಗೆ ಆಗ ನೂರ ಮೂವತ್ತರ ಮೇಲೆ ಅವರ ರೂಪಾಯಿ ಬರುತ್ತಿತ್ತು. ಐವತ್ತರ ನೋಟು ಹಿಡಿದು ಬ್ಯಾಂಕಿಗೆ ಓಡಿದರೆ ಬೀಗ. ಅಲ್ಲಿ ವಾರದ ರಜೆ ಶನಿವಾರ! ಕಡೆಗೆ ಒಬ್ಬ ಅಂಗಡಿಯವ ಐವತ್ತಕ್ಕೆ ಐವತ್ತೇ ಎಣಿಸಿ ಕೊಟ್ಟ. ಮುಂದೆ ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಆ ವಿನಿಮಯ ಇವತ್ತಿಗೂ ಕೊರೆಯುತ್ತದೆ. ಡಾಕ್ಟರು, ಸೂಜಿಮದ್ದು, ಮಾತ್ರೆ, ಕೋಣೆಯ ಬಾಡಿಗೆ ಕಳೆದರೆ ಮೂವರ ಬಸ್ಸಿಗೂ ಸಾಲದು, ಕಾಶಿಗೆ ರೈಲಂತೂ ದೂರ.

ಆ ರಾತ್ರಿ ದೊಡ್ಡ ಮಳೆ ಬಂತು. ಭಾನುವಾರ ಬೆಳಗಿನ ಜಾವ ಮೇಸ್ತ್ರಿಯ ಜ್ವರ ಬಿಟ್ಟಿತ್ತು. ಅವನು ನಿದ್ದೆ ಹೋಗಲಿ ಎಂದು ನಾನೂ ಉದ್ದನವನೂ ಖರ್ಚಿಲ್ಲದ ಜಾಗವೆಂದು ಸ್ವಯಂಭುನಾಥದ ಗುಡ್ಡ ಹತ್ತಿದೆವು. 365 ಮೆಟ್ಟಿಲು, ಮೆಟ್ಟಿಲಿಗೊಂದು ಮಂಗ. ಮೇಲೆ ಹೋಗಿ ತಿರುಗಿ ನಿಂತರೆ, ಮೂರು ದಿನ ಬರೀ ಮಬ್ಬಿದ್ದ ಉತ್ತರ ದಿಕ್ಕಿನಲ್ಲಿ ಹಿಮದ ಬೆಟ್ಟಗಳು! ಮೋಡ ಎಂದುಕೊಂಡಿದ್ದೆ. ಮೋಡ ಅವುಗಳ ಕೆಳಗಿತ್ತು. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮತ್ತೆ ಮುಚ್ಚಿಕೊಂಡಿತು.

ಅಲ್ಲಿಂದ ನಡೆದೇ ಪಶುಪತಿನಾಥಕ್ಕೆ ಹೋದೆವು. ಅಲ್ಲಿ ಪೂಜೆ ಮಾಡುವ ಮುಖ್ಯ ಭಟ್ಟರು ಬಹುಕಾಲದಿಂದ ಕರ್ನಾಟಕದವರು ಎಂದು ಕೇಳಿದ್ದೆ. ಬೇಡಲು ಧೈರ್ಯ ಬರಲಿಲ್ಲ. ಗುಡಿಯ ಹೊರಗೆ ಬಾಗ್ಮತಿಯ ಮೆಟ್ಟಿಲಿನಲ್ಲಿ ಕುಳಿತು, “ಅಪ್ಪಯ್ಯನಿಗೆ ತಂತಿ ಕೊಡುವುದೇ ಸೈ” ಎಂದೆ.

ಎರಡು ಮೆಟ್ಟಿಲು ಕೆಳಗೆ ಕುಳಿತಿದ್ದ ಹಿರಿಯರೊಬ್ಬರು ತಿರುಗಿದರು. “ಯಾವೂರಾಯ್ತ್ ಮಕ್ಳೆ? ಯಾರ ಮನಿಯವ್ರ್?”

ನಮ್ಮ ಕುಂದಾಪುರ ಕಡೆಯವರೇ! ಯಾತ್ರೆಗೆ ಬಂದವರು. ಅಪ್ಪಯ್ಯನ ಹೆಸರು ಹೇಳಿದರೆ ಅಂಗಡಿ ಸಮೇತ ಗೊತ್ತು. “ನೀನ್ ಇಲ್ಲಿಪ್ದ್ ಅಪ್ಪಯ್ಯಂಗೆ ಗೊತ್ತಿತ್ತಾ?” ಎಂದರು. ನಾನು ನೆಲ ನೋಡಿದೆ. ಅವರು ಬೈಯಲಿಲ್ಲ. ಐವತ್ತು ರೂಪಾಯಿ ಎಣಿಸಿದರು. ಕೈಗೆ ಮಾತ್ರ ಕೊಡಲಿಲ್ಲ. ಹತ್ತಿರದಿಂದ ಒಂದು ಕಾರ್ಡು ತರಿಸಿ, “ಮೊದ್ಲ್ ಅಪ್ಪಯ್ಯಂಗೆ ಬರಿ” ಎಂದರು. ಬರೆದೆ. ಅಜ್ಜಿಯ ಹತ್ತು ರೂಪಾಯಿ ಸಮೇತ ಬರೆದೆ. ಓದಿ ನೋಡಿ ಕಾರ್ಡನ್ನು ತಮ್ಮ ಜೋಳಿಗೆಗೆ ಹಾಕಿಕೊಂಡ ಮೇಲೆ ದುಡ್ಡು ಕೊಟ್ಟರು.

ನಾವು ಊರು ಸೇರುವ ಮೊದಲೇ ಕಾರ್ಡು ಸೇರಿತ್ತು. ಅಂಗಡಿಯ ತಂತಿಯ ಕೊಕ್ಕೆಯಲ್ಲಿ ಬಿಲ್ಲುಗಳ ಜೊತೆ ಚುಚ್ಚಿಟ್ಟಿದ್ದರು. ಅಪ್ಪಯ್ಯ ತಲೆ ಎತ್ತದೆ, “ಐವತ್ತು ರೂಪಾಯಿ ಅವರ ಮನೆಗೆ ಮುಟ್ಟಿಸಿಯಾಯ್ತು” ಎಂದರು. ಅಷ್ಟೇ. ಕಡತದಲ್ಲಿ ಬರೆದದ್ದನ್ನು ಆಮೇಲೆ ಕದ್ದು ನೋಡಿದೆ: ‘ಮಗನ ಕಾಶಿ ಖರ್ಚು, ಬಾಕಿ 50.’ ಕೆಲಸ ಸಿಕ್ಕಿದ ಮೊದಲ ತಿಂಗಳ ಸಂಬಳದಲ್ಲಿ ಅದನ್ನು ತೀರಿಸಿದೆ. ಅವರು ಗೀಟು ಹಾಕಿ ರುಜು ಮಾಡಿದರು.

ಅಜ್ಜಿಯ ಮುಂದೆ ನಿಲ್ಲುವುದೇ ಕಷ್ಟವಾಯಿತು. ಗಂಗೆಯ ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಯಲ್ಲಿಟ್ಟು ಬಂದಳು. “ಅಲ್ಲಿಪ್ದೂ ಈಶ್ವರನೇ ಅಲ್ದಾ?” ಎಂದಳು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರಿಗೂ ಕೇಳದ ಹಾಗೆ ಮೆಲ್ಲಗೆ, “ಆ ಹಿಮ ಮುಟ್ಟುಕೆ ಸಿಕ್ತಾ?” ಎಂದು ಕೇಳಿದಳು.