ತೊಡೆ ಸುಡುತ್ತಿದ್ದ ಕಾಲ

2004ರ ಬೇಸಿಗೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೆಳಗೆ ಬೇರಿಂಗ್, ಮೋಟಾರು ಮಾರುವ ಅಂಗಡಿ. ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಕಂಪ್ಯೂಟರ್ ರಿಪೇರಿ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನ ಮುಂದೆ ಇಟ್ಟಿಗೆಯಂಥ ಒಂದು ಲ್ಯಾಪ್‌ಟಾಪ್ ಬಂದು ಕೂತಿತು. "ಅರ್ಧ ಗಂಟೆಗೆ ತಾನೇ ಆಫ್ ಆಗುತ್ತೆ ಕಣಪ್ಪ. ತೊಡೆ ಮೇಲೆ ಇಟ್ಕೊಂಡ್ರೆ ಸುಡುತ್ತೆ" ಅಂದರು ತಂದವರು. ಬಿಚ್ಚಿ ನೋಡಿದರೆ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಒತ್ತಿಕೊಂಡು ಕಂಬಳಿಯ ತುಂಡಿನಂತಾಗಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಒರೆಸಿ, ಹೊಸದು ಹಚ್ಚಿ ಕೊಟ್ಟ. ಆರು ತಿಂಗಳಿಗೆ ಅದೇ ಲ್ಯಾಪ್‌ಟಾಪ್, ಅದೇ ದೂರು.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ, ಅಂಗಡಿಯೂ ಅವರದೇ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಇಪ್ಪತ್ತು ವರ್ಷದ ಚರಿತ್ರೆ ಅವರಿಗೆ ತಿಳಿದದ್ದು ಅಂಗೈಗೆ ತಾಗಿದ ಕಾವಿನಿಂದ.

ಅಂದು ಆ ಯಂತ್ರದೊಳಗೆ ಇದ್ದದ್ದು ಪೆಂಟಿಯಂ 4. ಗಿಗಾಹರ್ಟ್ಸ್ ಏರಿಸುವುದೇ ಗುರಿಯಾಗಿದ್ದ ಕಾಲದ ಚಿಪ್. ಲ್ಯಾಪ್‌ಟಾಪಿಗೆಂದು ಬಂದ ಕೆಲವು ಮಾದರಿಗಳೇ 88 ವ್ಯಾಟ್‌ನವು. ಅಷ್ಟು ಶಾಖವನ್ನು ಪುಸ್ತಕದಷ್ಟು ಜಾಗದಿಂದ ಹೊರಗೆ ಹಾಕಬೇಕೆಂದರೆ ಫ್ಯಾನ್ ಗರಗರ ಅನ್ನದೆ ಇನ್ನೇನು ಮಾಡೀತು?

ಅದೇ ಹೊತ್ತಿಗೆ ಇನ್ನೊಂದು ಜಾತಿಯ ಲ್ಯಾಪ್‌ಟಾಪ್ ಬರತೊಡಗಿತ್ತು. ಸೆಂಟ್ರಿನೋ ಅಂತ ಚೀಟಿ ಅಂಟಿಸಿಕೊಂಡ, ತೆಳ್ಳಗಿನ, ಸದ್ದು ಮಾಡದ ಯಂತ್ರ. ಒಳಗೆ 2003ರ ಪೆಂಟಿಯಂ ಎಂ. ವೇಗ ನೋಡಿದರೆ 1.6 ಗಿಗಾಹರ್ಟ್ಸ್ ಮಾತ್ರ. "ಮೂರು ಇರೋದು ಬಿಟ್ಟು ಒಂದೂವರೆದು ಯಾಕಣ್ಣ ತಗೋಬೇಕು?" ಎಂದು ಗಿರಾಕಿಗಳು ಕೇಳಿದರೆ ಹುಡುಗನ ಹತ್ತಿರ ಉತ್ತರವಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಫೈಲುಗಳನ್ನು ಜಿಪ್ ಮಾಡಿ ನೋಡಿದ ದಿನ ಉತ್ತರ ಸಿಕ್ಕಿತು. 1.6ರದ್ದು ಹಿಂದೆ ಬೀಳಲಿಲ್ಲ, ಬಿಸಿಯೂ ಆಗಲಿಲ್ಲ. ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್ ತಂಡ ಹಳೆಯ ಪೆಂಟಿಯಂ 3ರ ವಿನ್ಯಾಸವನ್ನೇ ತಿದ್ದಿ, ಒಂದೊಂದು ಗಡಿಯಾರದ ಮಿಡಿತಕ್ಕೆ ಹೆಚ್ಚು ಕೆಲಸ ಆಗುವಂತೆ ಮಾಡಿತ್ತು. ಚಿಪ್‌ನ ಲೆಕ್ಕ 24.5 ವ್ಯಾಟ್.

2005ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ಪವರ್‌ಪಿಸಿ ಚಿಪ್ ಬಿಟ್ಟು ಇಂಟೆಲ್‌ಗೆ ಹೋಗುವುದಾಗಿ ಹೇಳಿದಾಗ ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ ತೋರಿಸಿದ ಕಾರಣವೂ ಇದೇ: ಒಂದು ವ್ಯಾಟ್‌ಗೆ ಎಷ್ಟು ಕೆಲಸ. ಅವರ ಲೆಕ್ಕದಲ್ಲಿ ಪವರ್‌ಪಿಸಿಗೆ 15, ಇಂಟೆಲ್‌ಗೆ 70. ಪವರ್‌ಪಿಸಿಯ ಜಿ5 ಚಿಪ್ ಶಾಖದ ದೆಸೆಯಿಂದ ಕೊನೆಯವರೆಗೂ ಲ್ಯಾಪ್‌ಟಾಪಿಗೆ ಇಳಿಯಲೇ ಇಲ್ಲ.

ಇದರ ಹಿಂದಿನ ತತ್ವ ಕಷ್ಟದ್ದಲ್ಲ. ಚಿಪ್ ಕುಡಿಯುವ ಶಕ್ತಿ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡನ್ನೂ ಶೇ. 10ರಷ್ಟು ಇಳಿಸಿದರೆ ಶಕ್ತಿಯಲ್ಲಿ ಸುಮಾರು ಶೇ. 27 ಉಳಿತಾಯವಾಗುತ್ತದೆ. ಕೊನೆಯ ಹನಿ ವೇಗಕ್ಕೇ ಅತಿ ಹೆಚ್ಚು ಬೆಲೆ ತೆರುವುದು. ಈ ಮಾತನ್ನು ಅಂಗಡಿಯವರು ಇಂದಿಗೂ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸುತ್ತಾರೆ, ಕೇಳುವವರಿಗೆ ವ್ಯವಧಾನವಿದ್ದರೆ.

ವ್ಯವಧಾನ ಇಲ್ಲದವರೇ ಹೆಚ್ಚು ಮೋಸಹೋದರು. 2017ರ ಮೊದಲರ್ಧದವರೆಗೆ "ಐ7 ಇದೆ" ಎಂದು ಹೆಮ್ಮೆಯಿಂದ ತಂದ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿದ್ದದ್ದು ಐ7-7500ಯು. ಎರಡೇ ಕೋರ್, 15 ವ್ಯಾಟ್. ಅದೇ ಪೀಳಿಗೆಯ ಐ5-7300ಎಚ್‌ಕ್ಯೂನಲ್ಲಿ ನಾಲ್ಕು ಕೋರ್, 45 ವ್ಯಾಟ್. ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸಕ್ಕೆ ಐ5 ಮುಂದೆ, ಬಸ್ಸಿನಲ್ಲಿ ಕೂತು ಬರೆಯುವವರಿಗೆ ಐ7 ಹಿತ. ಹೆಸರಿನ ಕೊನೆಯ ಅಕ್ಷರ ನೋಡದೆ ದುಡ್ಡು ಕೊಟ್ಟ ವಿದ್ಯಾರ್ಥಿಗಳ ಮುಖ ಅವರಿಗೆ ಇನ್ನೂ ನೆನಪಿದೆ. ಸಾಲ ಮಾಡಿ ಕೊಡಿಸಿದ ಅಪ್ಪಂದಿರೂ ಜೊತೆಗೆ ಬಂದಿರುತ್ತಿದ್ದರು.

ಆಮೇಲಿಂದ ಅವರು ಯಾವ ಲ್ಯಾಪ್‌ಟಾಪ್ ಅಳೆದರೂ ಒಂದೇ ರೀತಿ. ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶ ಹಾಕಿ ಮೊದಲ ಅಂಕ ನೋಡಿ ಬಿಡುವುದಿಲ್ಲ. ಹದಿನೈದು ನಿಮಿಷ ಓಡಿಸುತ್ತಾರೆ. ಮೊದಲ ಅರ್ಧ ನಿಮಿಷ ಎಲ್ಲ ಚಿಪ್ಪೂ ಶೂರ. ಕಾವೇರಿದ ಮೇಲೆ ನಿಲ್ಲುವುದೆಷ್ಟು ಅನ್ನುವುದು ಒಳಗಿನ ಫ್ಯಾನು, ತಾಮ್ರದ ಕೊಳವೆ, ಕಂಪನಿ ಇಟ್ಟ ಮಿತಿ ಇವುಗಳ ಮೇಲಿದೆ. ಒಂದೇ ಪ್ರೊಸೆಸರ್ ಎರಡು ಲ್ಯಾಪ್‌ಟಾಪಿನಲ್ಲಿ ಎರಡು ಥರ ದುಡಿಯುವುದು ಹೀಗೆ. ನಂತರ ಚಾರ್ಜರ್ ಕಿತ್ತು ಮತ್ತೆ ಓಡಿಸುತ್ತಾರೆ. ಅಂಕ ಅಲ್ಲಿ ದಡಕ್ಕನೆ ಬಿದ್ದರೆ, ಆ ವೇಗ ಗೋಡೆಯ ಪ್ಲಗ್ಗಿನದು.

2021ರಲ್ಲಿ ಕಾಫಿ ಚೆಲ್ಲಿದ ಒಂದು ಮ್ಯಾಕ್‌ಬುಕ್ ಏರ್ ಬಂತು. ಹಿಂದಿನ ನವೆಂಬರ್‌ನಲ್ಲಿ ಬಿಡುಗಡೆಯಾಗಿದ್ದ ಎಂ1 ಚಿಪ್‌ನದು. ತಳ ಬಿಚ್ಚಿದಾಗ ಫ್ಯಾನ್ ಇರಬೇಕಾದ ಕಡೆ ಏನೂ ಇಲ್ಲ. ಚಿಪ್ ಮೇಲೆ ಒಂದು ಅಲ್ಯೂಮಿನಿಯಂ ಪಟ್ಟಿ, ಅಷ್ಟೇ. ಒಣಗಿಸಿ, ಸರಿಮಾಡಿ, ವಿಡಿಯೊ ಒಂದನ್ನು ಓಡಲು ಬಿಟ್ಟು ತಳಕ್ಕೆ ಅಂಗೈ ಕೊಟ್ಟರು. ಬೆಚ್ಚಗಿತ್ತು, ಸುಡಲಿಲ್ಲ. ನಾಲ್ಕು ಜೋರಿನ ಕೋರ್, ನಾಲ್ಕು ಮಿತವ್ಯಯದ ಕೋರ್, 5 ನ್ಯಾನೊಮೀಟರ್ ತಯಾರಿಕೆ. 50 ವ್ಯಾಟ್-ಅವರ್‌ಗೂ ತುಸು ಕಡಿಮೆ ಬ್ಯಾಟರಿ. ಸರಾಸರಿ ಹತ್ತು ವ್ಯಾಟ್ ಎಳೆಯುವ ಲ್ಯಾಪ್‌ಟಾಪಿಗೆ ಅದು ಐದು ಗಂಟೆ, ಐದು ವ್ಯಾಟ್‌ನದಕ್ಕೆ ಹತ್ತು ಗಂಟೆ.

ಉಳಿದವರೂ ಆ ದಾರಿಗೆ ಬಂದರು. 2024ರಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಅದರ ಬೆನ್ನಿಗೇ ಇಂಟೆಲ್‌ನ ಲೂನಾರ್ ಲೇಕ್. ಶಕ್ತಿ ಉಳಿಸಲು ಇಂಟೆಲ್ ಮೆಮೊರಿಯನ್ನೇ ಪ್ರೊಸೆಸರ್ ಜೊತೆ ಒಂದೇ ಪ್ಯಾಕೇಜಿನಲ್ಲಿ ಕೂರಿಸಿತು: 16 ಅಥವಾ 32 ಜಿಬಿ, ಆಮೇಲೆ ಬದಲಿಲ್ಲ.

ಅಂಗಡಿಯವರಿಗೆ ನೋವು ಇಲ್ಲಿದೆ. ಹಿಂದೆ ಸಾಕೆಟ್‌ನಿಂದ ಪ್ರೊಸೆಸರ್ ಎತ್ತಿ ಇನ್ನೊಂದು ಕೂರಿಸಬಹುದಿತ್ತು. ಕೋರ್ 2 ಡ್ಯುಯೊ ಕಾಲದಲ್ಲಿ ಹಾಗೆ ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಎರಡು ಮೂರು ವರ್ಷ ಆಯುಷ್ಯ ಕೊಟ್ಟಿದ್ದಾರೆ. ಆಮೇಲೆ ಪ್ರೊಸೆಸರ್ ಬೋರ್ಡಿಗೆ ಬೆಸೆದುಕೊಂಡಿತು, ಈಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಕೂಡ.

ಮೊನ್ನೆ ಹೊಸ ಲ್ಯಾಪ್‌ಟಾಪ್ ತಂದ ಹುಡುಗಿಯೊಬ್ಬಳು, "ಅಣ್ಣಾ, ರ್‍ಯಾಮ್ 32 ಮಾಡಿಕೊಡಿ, ಪ್ರಾಜೆಕ್ಟ್‌ಗೆ ಬೇಕು" ಅಂದಳು. ಬ್ಯಾಟರಿ ಬೆಳಗಿಂದ ರಾತ್ರಿವರೆಗೂ ಬರುತ್ತದೆಂದು ಖುಷಿಯಲ್ಲೇ ಇದ್ದಳು. ಅವರು ತಳ ಬಿಚ್ಚಿ, ಟಾರ್ಚ್ ಬೆಳಕಿನಲ್ಲಿ ಬೋರ್ಡು ತೋರಿಸಿದರು. "ಎಲ್ಲಿ ಹಾಕಲಮ್ಮ, ಜಾಗವೇ ಇಲ್ಲ." ಅವಳು ಬಗ್ಗಿ ನೋಡಿದಳು. ದುಡ್ಡು ತಗೊಳ್ಳದೆ ಅವರು ಮತ್ತೆ ಸ್ಕ್ರೂ ಹಾಕತೊಡಗಿದರು.