ಅಮ್ಮನ ಕೋಣೆ ಕೊನೆಗೆ ಕಟ್ಟು

ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ, “ಅಮ್ಮ ಮಧ್ಯಾಹ್ನ ಮಲಗಿದ ಹೊತ್ತು ನೋಡಿ ಅಟ್ಟದ ಮೇಲಿನದ್ದೆಲ್ಲ ಗುಜರಿಯವನಿಗೆ ಹಾಕಿಬಿಡ್ತೀನಿ ಅಕ್ಕಾ” ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಅಮ್ಮ ಪಕ್ಕದಲ್ಲೇ ಇದ್ದಾಗ ಈ ಮಾತು ಆಡುವುದು ಹೇಗೆ ಅಂತ ಬರೆಯಲು ಕೂತೆ. ನಿನ್ನ ಭಾವ ನಾಳೆ ರಾತ್ರಿಯ ರೈಲಿಗೆ ಸಾಗರಕ್ಕೆ ಹೊರಟಿದ್ದಾರೆ, ಅವರ ಕೈಲೇ ಕಳಿಸುತ್ತೇನೆ. ಹಾಗೆ ಮಾಡಬೇಡ ಕಣೇ.

ನೀನು ಎಷ್ಟು ದಣಿದಿದ್ದೀಯ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ಮಕ್ಕಳ ರಜೆ ಮುಗಿಯುವುದರೊಳಗೆ, ಮಳೆ ಹಿಡಿಯುವುದರೊಳಗೆ, ಆಷಾಢ ಬರುವುದರೊಳಗೆ ಮನೆ ಖಾಲಿಯಾಗಿ ಅಮ್ಮ ಇಲ್ಲಿ ನನ್ನ ಫ್ಲಾಟಿಗೆ ಬರಬೇಕು. ಓನರ್ ಬೇರೆ ದಿನಕ್ಕೊಮ್ಮೆ ಬಂದು ನಿಂತು ಹೋಗುತ್ತಾರೆ. ಆದರೂ ಅಮ್ಮನಿಗೆ ಗೊತ್ತಿಲ್ಲದೆ ಒಂದು ಚಮಚವೂ ಹೊಸಿಲು ದಾಟಬಾರದು.

ಅಜ್ಜನ ಮನೆ ಮುಳುಗಡೆಯಾದದ್ದನ್ನು ಅಮ್ಮ ನಮ್ಮ ಮುಂದೆ ಕೂತು ಹೇಳಿದವಳಲ್ಲ. ನನಗೆ ತಿಳಿದದ್ದೆಲ್ಲ ದೊಡ್ಡಮ್ಮನ ಬಾಯಿಂದ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ನೀರು ಹಿಂದಕ್ಕೆ ಒತ್ತಿಕೊಂಡು ಬಂದಾಗ ಅಮ್ಮನಿಗೆ ಹನ್ನೆರಡೋ ಹದಿಮೂರೋ. ಗಂಡಸರು ಹೆಂಚು ಇಳಿಸಿದರು, ಬಾಗಿಲ ಚೌಕಟ್ಟು ಕಿತ್ತರು, ಗದ್ದೆ ತೋಟವನ್ನು ಇದ್ದಲ್ಲೇ ಬಿಟ್ಟರು. ಲಾರಿಗೆ ಏನು ಹತ್ತಬೇಕು, ಏನು ಉಳಿಯಬೇಕು ಅಂತ ಹುಡುಗಿಯರನ್ನು ಯಾರೂ ಕೇಳಲಿಲ್ಲ. ಅಮ್ಮ ತನ್ನ ಪುಸ್ತಕದ ಪೆಟ್ಟಿಗೆ ಹತ್ತಿತೋ ಇಲ್ಲವೋ ಅಂತ ಕೇಳುವ ಧೈರ್ಯವಿಲ್ಲದೆ ದಾರಿಯುದ್ದಕ್ಕೂ ಸುಮ್ಮನೆ ಕೂತಿದ್ದಳಂತೆ. ಪೆಟ್ಟಿಗೆ ಅಲ್ಲೇ ಉಳಿದಿತ್ತು. ಈಗ ಎಪ್ಪತ್ತು ದಾಟಿದ ಮೇಲೆ ಇನ್ನೊಂದು ಲಾರಿ ಬಾಗಿಲಿಗೆ ಬರುತ್ತಿದೆ. ಈ ಸಲವಾದರೂ ಅವಳನ್ನು ಕೇಳಬೇಕು.

ಹಾಗಾಗಿ ಅಟ್ಟದ್ದನ್ನೆಲ್ಲ ಇಳಿಸಿ ಜಗುಲಿಯಲ್ಲಿ ಹರಡು. ಅಮ್ಮನಿಗೆ ಕುರ್ಚಿ ಹಾಕು. ಬೆಳಗಿನ ತಂಪಿನಲ್ಲಿ ಸ್ವಲ್ಪ, ಸಂಜೆ ಸ್ವಲ್ಪ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ಪ್ರತಿಯೊಂದನ್ನೂ ಅವಳು ಕೈಯಲ್ಲಿ ಹಿಡಿದು ನೋಡಲಿ. ಯಾವುದು ಯಾವ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡದ್ದು ಅಂತ ಹೇಳುತ್ತಾಳೆ, ಕೇಳಿಸಿಕೋ. ನೋಡುತ್ತಿರು, ಅವಳೇ ಎಷ್ಟೋ ಸಾಮಾನನ್ನು “ಪಕ್ಕದ ಮನೆಯವರಿಗೆ ಕೊಡು” ಅನ್ನುತ್ತಾಳೆ. ಶ್ಯಾವಿಗೆ ಒರಳನ್ನು ಯಾರಿಗೆ ಕೊಡಬೇಕು ಅನ್ನುವುದು ಅವಳ ಮನಸ್ಸಿನಲ್ಲಿ ಆಗಲೇ ಇರಲಿಕ್ಕೂ ಸಾಕು.

ತಾಮ್ರದ ಹಂಡೆಯ ವಿಷಯದಲ್ಲಿ ಮಾತ್ರ ಚರ್ಚೆಯೇ ಬೇಡ. ಅಜ್ಜನ ಮನೆಯಿಂದ ಬಂದ ಸಾಮಾನಿನಲ್ಲಿ ಉಳಿದಿರುವುದು ಅದೊಂದೇ. ಈ ಫ್ಲಾಟಿನಲ್ಲಿ ಬಚ್ಚಲ ಒಲೆ ಇಲ್ಲ, ನಿಜ. ಬಾಲ್ಕನಿಯ ಮೂಲೆ ಖಾಲಿ ಮಾಡಿಸಿದ್ದೇನೆ. ಬರುವಾಗ ಹಂಡೆಯೊಳಗೆ ಹಳೇ ಸೀರೆ ಸುತ್ತಿದ ಗಾಜಿನ ಸಾಮಾನು ಇಡು, ಜಾಗವೂ ಉಳಿಯುತ್ತದೆ, ಒಡೆಯುವುದೂ ಇಲ್ಲ.

ಅಪ್ಪನ ಪುಸ್ತಕಗಳಿಗೆ ದೊಡ್ಡ ಪೆಟ್ಟಿಗೆ ಬೇಡ. ತುಂಬಿದ ಮೇಲೆ ಎತ್ತಲಾಗದೆ ತಳವೇ ಕಿತ್ತುಬರುತ್ತದೆ. ಔಷಧಿ ಅಂಗಡಿಯ ಚಿಕ್ಕ ರಟ್ಟಿನ ಪೆಟ್ಟಿಗೆ ಕೇಳಿ ತಾ. ಒಂದು ದಿನ ಬಿಸಿಲಿಗೆ ಹಾಕಿ, ಕೊಡವಿ, ಆಮೇಲೆ ತುಂಬು. ಹೆಗ್ಗೋಡಿನ ಅಕ್ಷರ ಪ್ರಕಾಶನದವನ್ನು ಅಪ್ಪ ಬೇರೆಯಾಗಿಯೇ ಜೋಡಿಸಿಟ್ಟಿದ್ದರು, ಅವು ಒಟ್ಟಿಗೇ ಬರಲಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ನೀರು ಒರೆಸಿ, ಲಾರಿಯಲ್ಲಿ ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಇಳಿಯುತ್ತದೆ. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಹಿಂತಿರುಗಿಸಿ ಠೇವಣಿ ಹಣ ಕೇಳಿ ತಗೋ. ಮೆಸ್ಕಾಂ ಮೀಟರಿನ ರೀಡಿಂಗ್ ಓನರ್ ಎದುರೇ ಫೋಟೊ ಹೊಡೆದಿಡು. ಲಾರಿಗೆ ಟಾರ್ಪಾಲು ಇದೆಯೋ ಅಂತ ಹೊರಡುವ ಮೊದಲೇ ನೋಡು. ತರೀಕೆರೆ, ಕಡೂರು ಕಡೆ ಸಂಜೆ ಮಳೆ ಯಾವಾಗ ಬಂತು ಅನ್ನುವಂತಿಲ್ಲ.

ಲಾರಿಗೆ ಹಾಕಬಾರದ ಚೀಲ ಒಂದಿದೆ, ಅದು ನಿನ್ನ ಹೆಗಲಲ್ಲೇ ಇರಬೇಕು. ಅಪ್ಪನ ಪಿಂಚಣಿ ಆದೇಶ, ಅಮ್ಮನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಡಾಕ್ಟರ ಚೀಟಿಗಳು, ಹದಿನೈದು ದಿನಕ್ಕೆ ಸಾಲುವಷ್ಟು ಬಿ.ಪಿ. ಮಾತ್ರೆ, ಅವಳ ಇನ್ನೊಂದು ಕನ್ನಡಕ. ಉಪ್ಪಿನಕಾಯಿ ಭರಣಿಯನ್ನು ಅಮ್ಮ ಯಾರ ಕೈಗೂ ಕೊಡುವುದಿಲ್ಲ, ಬಾಯಿಗೆ ಬಟ್ಟೆ ಕಟ್ಟಿ ಕಾರಿನಲ್ಲಿ ಅವಳ ಕಾಲ ಹತ್ತಿರವೇ ಇಟ್ಟುಬಿಡು.

ಅಮ್ಮನ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟು. ಉಳಿದ ಮನೆಯೆಲ್ಲ ಪೆಟ್ಟಿಗೆಯೊಳಗೆ ಹೋದರೂ ಹೊರಡುವ ಬೆಳಗಿನ ತನಕ ಅವಳ ಮಂಚ, ದೇವರ ಪಟ, ರೇಡಿಯೊ, ಸ್ಟೂಲಿನ ಮೇಲಿನ ನೀರಿನ ಚೊಂಬು ಇದ್ದ ಹಾಗೇ ಇರಲಿ. ಕಟ್ಟುವ ಮೊದಲು ನಾಲ್ಕೂ ಗೋಡೆಯ ಫೋಟೊ ತೆಗೆದು ಕಳಿಸು. ಇಲ್ಲಿ ನಾನು ಮೊದಲು ಬಿಚ್ಚುವುದು ಆ ಪೆಟ್ಟಿಗೆಗಳನ್ನೇ. ವಯಸ್ಸಾದವರು ಹೊಸ ಮನೆಯಲ್ಲಿ ರಾತ್ರಿ ಎದ್ದಾಗಲೇ ದಿಕ್ಕು ತಪ್ಪಿ ಬೀಳುವುದು. ಅಲ್ಲಿ ಅಮ್ಮ ಮಂಚದಿಂದ ಇಳಿದು ಎಡಕ್ಕೆ ತಿರುಗಿ ಬಚ್ಚಲಿಗೆ ಹೋಗುತ್ತಾಳೆ ಅಲ್ಲವಾ? ಇಲ್ಲೂ ಬಚ್ಚಲು ಎಡಗೈಗೇ ಸಿಗಲಿ ಅಂತ ಮಕ್ಕಳ ಬೀರುವನ್ನು ಬೇರೆ ಕೋಣೆಗೆ ಸಾಗಿಸಿ ಮಂಚದ ಜಾಗ ಬದಲಿಸಿದ್ದೇನೆ. ಜಾರುವ ಕಾಲೊರಸು ತೆಗೆದಾಯಿತು. ರಾತ್ರಿಯಿಡೀ ಉರಿಯುವ ಸಣ್ಣ ದೀಪವನ್ನೂ ಹಾಕಿಸಿದ್ದೇನೆ.

ಅವಳು ಅತ್ತರೆ ತಡೆಯಬೇಡ. “ಬೆಂಗಳೂರಲ್ಲಿ ಎಲ್ಲ ಅನುಕೂಲ ಇದೆ” ಅಂತ ಆ ಹೊತ್ತಿನಲ್ಲಿ ಹೇಳಬೇಡ. ಪಕ್ಕದಲ್ಲಿ ಕೂತುಕೋ, ಸಾಕು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರವನ್ನೆಲ್ಲ ಒಬ್ಬಳೇ ಎತ್ತಬೇಡ, ನಿನ್ನ ಭಾವ ಬಂದಮೇಲೆ ಅವರಿಗೆ ಹೇಳು.

ಬುಧವಾರ ಬಚ್ಚಲ ಗೋಡೆಗೆ ಹಿಡಿಕೆ ಕೂರಿಸುವುದಕ್ಕೆ ಪ್ಲಂಬರ್ ಬರುತ್ತಾನೆ. ಅಮ್ಮ ಕುರ್ಚಿಯಿಂದ ಏಳುವಾಗ ಕೈ ಎಲ್ಲಿಗೆ ಚಾಚುತ್ತಾಳೆ ನೋಡಿ, ನೆಲದಿಂದ ಅಲ್ಲಿಗೆ ಟೇಪು ಹಿಡಿದು ಮಂಗಳವಾರ ರಾತ್ರಿಯೊಳಗೆ ಅಳತೆ ತಿಳಿಸು.

ನಿನ್ನ
ಅಕ್ಕ